ಸಹಾಯ ಬೇಕು: ಫೆರೆಟ್ ಹಸಿಮಾಂಸ ಬಚ್ಚಿಡುತ್ತಿದೆ, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಮನೆಯಲ್ಲಿ ಎರಡು ಫೆರೆಟ್‌ಗಳಿವೆ (ನೋಡಲು ಮುಂಗುಸಿಯಂತಿರುವ, ಮಾಂಸ ತಿನ್ನುವ ಪುಟ್ಟ ಸಾಕುಪ್ರಾಣಿ), ಮಿಂಚು ಮತ್ತು ಗುಂಡ. ಸಿಕ್ಕಿದ್ದನ್ನೆಲ್ಲ ಬಚ್ಚಿಡುವುದು ಮಿಂಚುವಿನ ಅಭ್ಯಾಸ. ಒಣ ಆಹಾರವಾದರೆ ಪರವಾಗಿಲ್ಲ, ಗುಡಿಸಿ ಹಾಕಬಹುದು. ಹಸಿ ಕೋಳಿಮಾಂಸದ್ದೇ ತಲೆನೋವು. ನಿನ್ನೆ ಸೋಫಾದ ಕೆಳಬಟ್ಟೆ ಹರಿದು, ಒಳಗೆ ಮೂರು ರೆಕ್ಕೆ ತುಂಡು ಸೇರಿಸಿದ್ದಳು. ಒಂದು ಆಗಲೇ ಲೋಳೆಯಾಗಿ ನಾರುತ್ತಿತ್ತು. ಮಗಳು ಈಗಷ್ಟೇ ಅಂಬೆಗಾಲಿಡುತ್ತಿದ್ದಾಳೆ, ಕೈಗೆ ಸಿಕ್ಕಿದ್ದು ಬಾಯಿಗೆ. ಅದಕ್ಕೇ ಭಯ ಜಾಸ್ತಿ.

ಬಚ್ಚಿಡುವುದು ಅವುಗಳ ಹುಟ್ಟುಗುಣ, ಸುಮ್ನೆ ಬೈದು ಪ್ರಯೋಜನವಿಲ್ಲ ಅಂತ ಗೊತ್ತು. ತಟ್ಟೆ ಎತ್ತಿಡೋಣ ಅಂದರೆ ಅದೂ ಆಗಲ್ಲ. ತಿಂದದ್ದು 3-4 ಗಂಟೆಯಲ್ಲಿ ಅರಗಿಹೋಗುತ್ತದೆ, ಪದೇ ಪದೇ ತಿನ್ನಲೇಬೇಕು. ಗುಂಡನಿಗೆ ಬೇರೆ 5 ವರ್ಷ. ಈ ವಯಸ್ಸಲ್ಲಿ ಇನ್ಸುಲಿನೋಮಾ (ಇನ್ಸುಲಿನ್ ಅತಿಯಾಗಿ ಸುರಿಸುವ ಮೇದೋಜೀರಕ ಗ್ರಂಥಿಯ ಗೆಡ್ಡೆ) ಬರಬಹುದು, ಬಂದರೆ ಹಸಿದಾಗ ರಕ್ತದ ಸಕ್ಕರೆ ಕುಸಿಯುತ್ತದೆ.

ಈಗ ಮಾಂಸವನ್ನು ಪಂಜರದೊಳಗೇ ಕೊಟ್ಟು, ತಿಂದಾದ ಮೇಲೆ ಬಾಗಿಲು ತೆಗೆಯುತ್ತಿದ್ದೇನೆ. ಆದರೆ ಮಲಗುವ ಜೋಳಿಗೆಯಲ್ಲೇ ಅಡಗಿಸುತ್ತಾಳೆ. ಅಲ್ಲಿಂದ ಪೂರ್ತಿ ತೆಗೆದರೆ ಮರುದಿನ ಇನ್ನೂ ಜಾಸ್ತಿ ಬಚ್ಚಿಡುತ್ತಾಳೆ, ಪಾಪ. ಒಂದಿಷ್ಟು ಒಣ ಆಹಾರವನ್ನು ಅಲ್ಲೇ ಬಿಟ್ಟರೆ ಸಮಾಧಾನ ಆಗುತ್ತಾ? ಮಾಂಸ ರುಬ್ಬಿ ಕೊಟ್ಟರೆ ಎಳೆದೊಯ್ಯುವುದು ಕಷ್ಟ, ಆದರೆ ಹಲ್ಲಿಗೆ ಎಲುಬು ಕಡಿಯುವುದೂ ಬೇಕಲ್ವಾ? ಸಾಕಿದ ಅನುಭವ ಇರುವವರು ದಯವಿಟ್ಟು ತಿಳಿಸಿ.