ಟ್ಯೂಷನ್ ಶಿಕ್ಷಕರ ಏಟಿನಿಂದ ಮಗುವಿನ ಬೆರಳಿನ ಮೂಳೆ ಬಿರುಕು ಬಿಟ್ಟಿದೆ: ಯಾವ ಕಲಂ ಅನ್ವಯಿಸುತ್ತದೆ?

ಪ್ರಶ್ನೆ: ಬಾಲಕನ ಸೋದರಮಾವ

ಮಾನ್ಯರೇ,
ನನ್ನ ಅಕ್ಕನ ಮಗನಿಗೆ 9 ವರ್ಷ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಒಬ್ಬರು ತಮ್ಮ ಮನೆಯಲ್ಲಿಯೇ ನಡೆಸುವ ಟ್ಯೂಷನ್ನಿಗೆ ಸಂಜೆ ಹೋಗುತ್ತಾನೆ. ಕಳೆದ ಗುರುವಾರ ಮಗ್ಗಿ ತಪ್ಪಿ ಹೇಳಿದನೆಂದು ಅವರು ಮರದ ಅಡಿಕೋಲಿನಿಂದ ಅವನ ಬೆರಳ ಗೆಣ್ಣಿನ ಮೇಲೆ ಹಲವು ಬಾರಿ ಹೊಡೆದಿದ್ದಾರೆ. ಮರುದಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ಉಂಗುರ ಬೆರಳಿನ ಮೂಳೆಯಲ್ಲಿ ಬಿರುಕು ಕಂಡಿದೆ. ಠಾಣೆಗೆ ದೂರು ಕೊಟ್ಟರೆ, ಇದು ಅಸಂಜ್ಞೇಯ ಅಪರಾಧವಾದ್ದರಿಂದ ನ್ಯಾಯಾಲಯದ ಆದೇಶವಿಲ್ಲದೆ ತನಿಖೆ ನಡೆಸಲಾಗದು ಎಂದು ಹಿಂಬರಹ ಕೊಟ್ಟು ಕಳುಹಿಸಿದರು. ಇತ್ತ ಆ ಶಿಕ್ಷಕರು, ‘ಹೊಡೆದಾದರೂ ಓದಿಸಿ ಎಂದು ಹುಡುಗನ ತಂದೆಯೇ ಹೇಳಿದ್ದರು’ ಎನ್ನುತ್ತಿದ್ದಾರೆ. ಭಾವ ಹಾಗೆ ಹೇಳಿದ್ದೂ ನಿಜ. ಆ ಮಾತು ನೆನೆದು ಅವರು ಈಗ ತಲೆ ಎತ್ತುತ್ತಿಲ್ಲ. ಆಸ್ಪತ್ರೆಯ ಖರ್ಚು ಪಡೆದು ರಾಜಿಪತ್ರಕ್ಕೆ ಸಹಿ ಹಾಕಿ ಎಂದು ಹಿರಿಯರು ಒತ್ತಾಯಿಸುತ್ತಿದ್ದಾರೆ. ತಂದೆಯ ಆ ಒಂದು ಮಾತು ಹೊಡೆದವರಿಗೆ ರಕ್ಷಣೆಯಾಗುತ್ತದೆಯೇ? ಠಾಣೆಯವರು ಹೇಳಿದ್ದು ಸರಿಯೇ?

ಉತ್ತರ 1: ವಕೀಲರು

ಠಾಣೆಯವರ ಮಾತು ಅರ್ಧ ಮಾತ್ರ ಸರಿ. ಮಗುವನ್ನು ವಾಸ್ತವವಾಗಿ ತನ್ನ ಸುಪರ್ದಿನಲ್ಲಿ ಅಥವಾ ಹತೋಟಿಯಲ್ಲಿ ಇಟ್ಟುಕೊಂಡವರು ಅದಕ್ಕೆ ಅನವಶ್ಯಕ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಹಲ್ಲೆ ಮಾಡಿದರೆ, 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಟ್ಯೂಷನ್ನಿನ ಆ ಎರಡು ತಾಸು ಮಗು ಇರುವುದು ಶಿಕ್ಷಕರ ಹತೋಟಿಯಲ್ಲಿಯೇ ಆದ್ದರಿಂದ ಈ ಕಲಂ ಅವರಿಗೆ ಅನ್ವಯಿಸುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ 2021ರಲ್ಲಿ ಈ ಕಾಯ್ದೆಗೆ ತಂದ ತಿದ್ದುಪಡಿಯಿಂದಾಗಿ 3ರಿಂದ 7 ವರ್ಷದ ಶಿಕ್ಷೆಯುಳ್ಳ ಅಪರಾಧಗಳೂ ಅಸಂಜ್ಞೇಯವಾದವು. ಮಕ್ಕಳ ಮೇಲಿನ ಕ್ರೌರ್ಯದ ದೂರನ್ನು ಠಾಣೆಯ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಲು ದಾರಿಮಾಡಿಕೊಟ್ಟ ಈ ತಿದ್ದುಪಡಿ ತಪ್ಪೆಂದೇ ನಾನು ಭಾವಿಸುತ್ತೇನೆ.

ನಿಮ್ಮ ಪ್ರಕರಣ ಅಲ್ಲಿಗೆ ಮುಗಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಮೂಳೆಮುರಿತವನ್ನು ತೀವ್ರ ಗಾಯವೆಂದೇ ಪರಿಗಣಿಸುತ್ತದೆ. ಮೂಳೆ ಎರಡು ತುಂಡಾಗಬೇಕೆಂದಿಲ್ಲ, ಬಿರುಕು ಬಿಟ್ಟರೂ ಸಾಕು ಎಂದು ಹೋರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉದ್ದೇಶಪೂರ್ವಕವಾಗಿ ತೀವ್ರ ಗಾಯ ಮಾಡಿದರೆ 117(2)ರ ಅಡಿ 7 ವರ್ಷದವರೆಗೆ ಸೆರೆವಾಸವಿದ್ದು, ಅದು ಸಂಜ್ಞೇಯ ಅಪರಾಧ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದು ಅವುಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ತಿಳಿಯಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 174(4) ಹೇಳುತ್ತದೆ. ಎಕ್ಸ್‌ರೇ ವರದಿಯನ್ನು ಲಗತ್ತಿಸಿ, ಈ ಕಲಮುಗಳನ್ನು ಹೆಸರಿಸಿ ಹೊಸದಾಗಿ ದೂರು ಕೊಡಿ. ಆಗಲೂ ದಾಖಲಿಸಿಕೊಳ್ಳದಿದ್ದರೆ 173(4)ರ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ದೂರು ಕಳುಹಿಸಿ. ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ‘ಮೂಳೆ ಮುರಿಯುವ ಉದ್ದೇಶ ನನಗಿರಲಿಲ್ಲ’ ಎಂಬ ವಾದವಂತೂ ಬಂದೇ ಬರುತ್ತದೆ. ಅಂತಹ ಗಾಯವಾಗಬಹುದೆಂಬ ಅರಿವು ಹೊಡೆಯುವವರಿಗೆ ಇತ್ತೇ ಎಂಬುದನ್ನು ನ್ಯಾಯಾಲಯ ನೋಡುವುದರಿಂದ, ಎಷ್ಟು ಏಟು, ಯಾವುದರಿಂದ, ಯಾವ ಭಾಗಕ್ಕೆ ಎಂಬ ವಿವರ ದೂರಿನಲ್ಲಿಯೇ ಇರಬೇಕು.

ಇನ್ನು ತಂದೆಯ ಮಾತು. 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ, ಪೋಷಕರ ಒಪ್ಪಿಗೆಯಿಂದ, ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ನ್ಯಾಯ ಸಂಹಿತೆಯ 27ನೇ ಕಲಂ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಸಾವನ್ನು ಅಥವಾ ತೀವ್ರ ಗಾಯವನ್ನು ತಪ್ಪಿಸುವುದಕ್ಕೋ, ಗಂಭೀರ ಕಾಯಿಲೆಯನ್ನು ಗುಣಪಡಿಸುವುದಕ್ಕೋ ಅಲ್ಲದೆ ಉದ್ದೇಶಪೂರ್ವಕವಾಗಿ ತೀವ್ರ ಗಾಯ ಮಾಡುವುದಕ್ಕೆ ಈ ವಿನಾಯಿತಿ ಇಲ್ಲವೆಂದು ಅದೇ ಕಲಂ ಹೇಳುತ್ತದೆ. ಮಗ್ಗಿ ತಪ್ಪುವುದು ಕಾಯಿಲೆಯಲ್ಲ. ನಿಮ್ಮ ಭಾವನವರು ಆಡಿದ್ದು ವಿವೇಕದ ಮಾತಲ್ಲ, ಆದರೆ ಮಗನ ಮೂಳೆ ಮುರಿಯಲು ಒಪ್ಪಿಗೆ ಕೊಡುವ ಹಕ್ಕು ಅವರಿಗೂ ಇರಲಿಲ್ಲ. ತಂದೆಯೇ ಹೀಗೆ ಹೊಡೆದಿದ್ದರೂ 75ನೇ ಕಲಂ ಅವರನ್ನು ಬಿಡುತ್ತಿರಲಿಲ್ಲ.

ರಾಜಿಪತ್ರಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಅಪ್ರಾಪ್ತನ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅನುಮತಿ ಬೇಕು. ಜಗಲಿಯ ಮೇಲೆ ಬರೆದುಕೊಂಡ ಕಾಗದದಿಂದ ಅಪರಾಧ ಅಳಿದುಹೋಗುವುದಿಲ್ಲ.

ಉತ್ತರ 2: ಸರ್ಕಾರಿ ವೈದ್ಯೆ

ಆಸ್ಪತ್ರೆಯಲ್ಲಿ ಇದನ್ನು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಕಾನೂನು ಕ್ರಮಕ್ಕೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿದ್ದಾರೆಯೇ ಎಂದು ಮೊದಲು ಕೇಳಿ. ಎಷ್ಟೋ ಮನೆಯವರು ಅಂಜಿಕೆಯಿಂದ ‘ಆಟವಾಡುವಾಗ ಬಿದ್ದ’ ಎಂದು ಬರೆಸಿಬಿಡುತ್ತಾರೆ, ಮುಂದೆ ಆ ಹೊರರೋಗಿ ಚೀಟಿಯೇ ಅವರಿಗೆ ಎದುರಾಗಿ ನಿಲ್ಲುತ್ತದೆ. ಹೊಡೆದವರು ಯಾರು, ಯಾವುದರಿಂದ ಎಂಬುದು ಸಾಧ್ಯವಾದಷ್ಟೂ ಮಗುವಿನ ಮಾತಿನಲ್ಲಿಯೇ ದಾಖಲಾಗಬೇಕು. ಚಿಕ್ಕ ಮಕ್ಕಳ ಸಣ್ಣ ಮುರಿತಗಳು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಮೂಳೆ ಕೂಡಿಕೊಳ್ಳತೊಡಗಿದ ಮೇಲೆ 10–14 ದಿನಗಳಲ್ಲಿ ಕಾಣುವುದುಂಟು. ಆದ್ದರಿಂದ ಉಳಿದ ಬೆರಳುಗಳಲ್ಲಿ ನೋವು ಇಳಿಯದಿದ್ದರೆ ಇನ್ನೊಮ್ಮೆ ತೆಗೆಸಿ. ಬಾವಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ.

ಉತ್ತರ 3: ನಿವೃತ್ತ ಶಿಕ್ಷಕಿ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ಆದರೆ ತಪ್ಪಿದವರಿಗೆ ಅದು ಹೇಳುವುದು ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮವನ್ನು. ಮನೆಯಲ್ಲಿ ಟ್ಯೂಷನ್ ನಡೆಸುವವರಿಗೆ ಸೇವಾ ನಿಯಮವೆಲ್ಲಿಯದು? ಬಾಲನ್ಯಾಯ ಕಾಯ್ದೆಯ 82ನೇ ಕಲಮನ್ನೂ ಕೆಲವರು ಸೂಚಿಸುತ್ತಾರೆ, ಆದರೆ ಅದು ಮಕ್ಕಳ ಪಾಲನಾ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಹಾಗಾಗಿ ವಕೀಲರು ತೋರಿಸಿದ ದಾರಿಯೇ ನಿಮಗೆ ಉಳಿದಿರುವುದು. ಜೊತೆಗೆ 1098ಕ್ಕೆ ಕರೆ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸಿ.

‘ದಂಡಂ ದಶಗುಣಂ’ ಎಂದು ನಂಬಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಮಕ್ಕಳ ಅಂಗೈಗೆ ಹೊಡೆದಿದ್ದೇನೆ. ಹೊಡೆಸಿಕೊಂಡ ಮಕ್ಕಳು ಮಗ್ಗಿ ಕಲಿಯಲಿಲ್ಲ, ನನ್ನ ಮುಖ ನೋಡುವುದನ್ನು ಬಿಟ್ಟರು. ಅದಕ್ಕಾಗಿಯೇ ಹೇಳುತ್ತೇನೆ: ಬಂದ ನೆಂಟರಿಗೆಲ್ಲ ಆ ಹುಡುಗನಿಂದ ಘಟನೆಯನ್ನು ಮತ್ತೆ ಮತ್ತೆ ಹೇಳಿಸಬೇಡಿ. ಅವನ ಹೆಸರು, ಫೋಟೊ ಊರಿನ ವಾಟ್ಸಾಪ್ ಗುಂಪುಗಳಿಗೆ ಹೋಗಬಾರದು. ಮಗುವಿನ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಎಂಎಲ್‌ಸಿ ಆಗಿದೆ ಎಂದು ಆಸ್ಪತ್ರೆಯಲ್ಲಿ ಖಚಿತಪಡಿಸಿದರು. ವಕೀಲರ ಉತ್ತರವನ್ನು ಭಾವನವರಿಗೆ ಓದಿ ಹೇಳಿದೆ. ದೂರುದಾರರಾಗಿ ತಾವೇ ಸಹಿ ಹಾಕುವುದಾಗಿ ಹೇಳಿದ್ದಾರೆ. ಗಾಯದ ಪ್ರಮಾಣಪತ್ರ ಕೈಗೆ ಬರುವವರೆಗೆ ಕಾಯಬೇಕೇ?

ವಕೀಲರು:

ಬೇಡ. ಅದನ್ನು ತನಿಖಾಧಿಕಾರಿಯೇ ಆಸ್ಪತ್ರೆಯಿಂದ ಪಡೆಯುತ್ತಾರೆ. ನಾಳೆಯೇ ಹೋಗಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಅದನ್ನು ಪಡೆದುಕೊಂಡೇ ಠಾಣೆಯಿಂದ ಹೊರಡಿ.