ಗಂಗೊಳ್ಳಿ ಹೊಳೆಗೆ ಎಂಥ ತಳದ ದೋಣಿ?

ಪ್ರಶ್ನೆ: ಅಣ್ಣ, ನಮ್ಮನೆ ಗಂಗೊಳ್ಳಿ ಅಳಿವೆಯಿಂದ ಸ್ವಲ್ಪ ಒಳಗೆ, ಪಂಚಗಂಗಾವಳಿ ಹೊಳೆ ಬದಿ. ದೋಣಿಯಲ್ಲಿ ನಾನು ಮತ್ತು ತಮ್ಮ, ಇಬ್ಬರೇ. ಜಾಸ್ತಿ ಬೀಸುಬಲೆ, ಆಗೊಮ್ಮೆ ಈಗೊಮ್ಮೆ ಕಂತುಬಲೆ (ನೀರಿನಲ್ಲಿ ಇಳಿಬಿಟ್ಟು ಕಾಯುವ ಬಲೆ). ಹಳೆ ಮರದ ದೋಣಿ ಇನ್ನು ರಿಪೇರಿ ಆಗುವುದಿಲ್ಲ. 14 ಅಡಿಯ ಫೈಬರ್ ದೋಣಿ ಮಾಡಿಸಿ 10 ಎಚ್‌ಪಿ ಎಂಜಿನ್ ಹಾಕುವ ಯೋಚನೆ. ವಿ ತಳ ತಗೊ, ಓಟ ಚೆನ್ನಾಗಿರುತ್ತದೆ ಅಂತ ಒಬ್ಬರು. ಚಪ್ಪಟೆ ತಳ ಸಾಕು ಅಂತ ಇನ್ನೊಬ್ಬರು. ನೀವು ದೋಣಿ ಕಟ್ಟುವವರು, ಏನು ಹೇಳುತ್ತೀರಿ?

ಉತ್ತರ: ಓಟ ನೋಡಿ ದೋಣಿ ಆರಿಸಬೇಡಿ ಮಾರಾಯ್ರೆ. ಹೊಳೆಯಲ್ಲಿ ಓಡುವ ಹೊತ್ತು ಎಷ್ಟು, ನಿಂತು ಬಲೆ ಬೀಸುವ ಹೊತ್ತು ಎಷ್ಟು? ನಿಮ್ಮಲ್ಲಿ ಒಬ್ಬರು ಮುಂದಿನ ತುದಿಯಲ್ಲಿ ನಿಂತು, ಮೈ ತಿರುಗಿಸಿ, ಬಲೆಯ ಭಾರವನ್ನೆಲ್ಲ ಒಂದೇ ಬದಿಗೆ ಎಸೆಯುತ್ತೀರಿ. ಆಗ ದೋಣಿ ವಾಲಬಾರದು. ವಿ ತಳ ಅಲೆ ಸೀಳುವುದಕ್ಕೆ ಒಳ್ಳೆಯದು, ಆದರೆ ನಿಂತಲ್ಲಿ ಹೊರಳಾಡುತ್ತದೆ. ಮುಂದಿನ ತುದಿ ಚೂಪಾಗಿದ್ದರೆ ನಿಂತವರ ಭಾರಕ್ಕೆ ಅದೇ ಮೊದಲು ಕುಸಿಯುತ್ತದೆ.

ಎರಡನೆಯದು ಇಳಿತದ ಹೊತ್ತು. ನಿಮ್ಮ ಕಡೆ ನೀರು ಇಳಿದರೆ ಕೆಸರು ದಿಬ್ಬ ಎದ್ದು ಬರುತ್ತದೆ ಅಲ್ವಾ? 14 ಅಡಿ ಉದ್ದ, ತಳ ಮೂರೂವರೆ ಅಡಿ ಅಗಲ ಇರುವ ಚಪ್ಪಟೆ ದೋಣಿ ಹೆಚ್ಚುಕಡಿಮೆ 34 ಕೆಜಿ ಭಾರಕ್ಕೆ ಒಂದು ಸೆಂಟಿಮೀಟರ್ ಮುಳುಗುತ್ತದೆ. ದೋಣಿ, ಎಂಜಿನ್, ನೀವಿಬ್ಬರು, ಬಲೆ, ಮೀನು ಎಲ್ಲ ಸೇರಿ 340 ಕೆಜಿ ಅಂದುಕೊಳ್ಳಿ. 10 ಸೆಂಟಿಮೀಟರ್ ನೀರಿದ್ದರೆ ತೇಲುತ್ತದೆ. ಅಷ್ಟೇ ಭಾರಕ್ಕೆ ವಿ ತಳಕ್ಕೆ ಒಂದೂವರೆ ಪಟ್ಟು ನೀರಾದರೂ ಬೇಕು. ಮಳೆಗಾಲದಲ್ಲಿ ಹೊಳೆ ಸಿಹಿ ನೀರಾದಾಗ ದೋಣಿ ಇನ್ನೂ ಕಾಲು ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಂತ ಪೂರ್ತಿ ಹಲಗೆಯ ಹಾಗೆ ಚಪ್ಪಟೆಯೂ ಬೇಡ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದಾಗ ತಳಕ್ಕೆ ಪಟಪಟ ಹೊಡೆತ ಬೀಳುತ್ತದೆ, ದೋಣಿ ಗಾಳಿಗೆ ಅಡ್ಡ ಜಾರುತ್ತದೆ. ಹಿಂದಿನ ಮುಕ್ಕಾಲು ಭಾಗ ಚಪ್ಪಟೆ, ಮುಂದೆ ಮಾತ್ರ ಸಣ್ಣ ವಿ, ತುದಿ ಅಗಲ. ತಳದಡಿ ಉದ್ದಕ್ಕೆ ಎರಡು ಪಟ್ಟಿ ಕೊಡಿಸಿ. ದೋಣಿ ನೇರ ಹೋಗುತ್ತದೆ, ಮರಳಿಗೆ ಉಜ್ಜಿದರೂ ಮೊದಲು ಪಟ್ಟಿ ಸವೆಯುತ್ತದೆ. ನಿಮಗೆ ನಾನು ಹೇಳುವುದು ಇದೇ.

ಪ್ರಶ್ನೆ: ಅಳಿವೆ ದಾಟಿ ಕಡಲಿಗೂ ಹೋಗಬಹುದಾ? ಎಂಜಿನ್ ಉಂಟಲ್ಲ.

ಉತ್ತರ: ಬೇಡ. ಅಳಿವೆ ಬಾಗಿಲಲ್ಲಿ ಹೊಳೆ ನೀರು ಹೊರಗೆ ಹೋಗುವಾಗ ಕಡಲ ಅಲೆ ಎದುರಾಗಿ ಮುರಿಯುತ್ತದೆ. ಅಂಥಲ್ಲಿ ಈ ದೋಣಿ ಕೆಲಸಕ್ಕಿಲ್ಲ. ಕಡಲೂ ಬೇಕು ಅಂದರೆ ಉದ್ದ, ಬದಿಯ ಎತ್ತರ, ತಳ ಎಲ್ಲ ಬೇರೆ, ಖರ್ಚೂ ಬೇರೆ. ಮತ್ತೆ ಎಂಜಿನ್ ಮೊದಲು ಗೊತ್ತು ಮಾಡಿ, ಆಮೇಲೆ ದೋಣಿಗೆ ಆರ್ಡರ್ ಕೊಡಿ. ಶಾರ್ಟ್ ಶಾಫ್ಟ್, ಅಂದರೆ ಎಂಜಿನ್ನಿನ ನೀರಿಗಿಳಿಯುವ ಕಾಲು ಗಿಡ್ಡ ಆದರೆ, ಎಂಜಿನ್ ಕೂರುವ ಹಿಂಬದಿ ಹಲಗೆ 15 ಇಂಚು, ಲಾಂಗ್ ಶಾಫ್ಟ್ ಆದರೆ 20 ಇಂಚು ಎತ್ತರ ಬೇಕು. ಆ ಹಲಗೆಯ ಒಳಗೆ ಹಾಕುವ ಪ್ಲೈ ಐಎಸ್ 710 ಗುರುತಿನ ಮೆರೈನ್ ಪ್ಲೈಯೇ ಆಗಲಿ. ಫೈಬರ್ ಮುಚ್ಚುವ ಮೊದಲೇ ಹೋಗಿ ಕಣ್ಣಾರೆ ನೋಡಿ, ಬೇಸರ ಮಾಡಿಕೊಳ್ಳುವವರ ಹತ್ತಿರ ಮಾಡಿಸಲೇಬೇಡಿ. ಕೂರುವ ಹಲಗೆಗಳ ಕೆಳಗೆ ಫೋಮ್ ತುಂಬಿಸಿ. ಮಗುಚಿದರೂ ಹಿಡಿದುಕೊಳ್ಳಲು ದೋಣಿ ಮೇಲಿರುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಾವು ಹೊಸಪೇಟೆ ಕಡೆಯವರು. ತುಂಗಭದ್ರೆಯಲ್ಲಿ ತೆಪ್ಪದಲ್ಲೇ (ಬಿದಿರು ಹೆಣೆದ ದುಂಡನೆಯ ಹರಿಗೋಲು) ಮೀನು ಹಿಡಿಯುತ್ತೇವೆ. ನಾವೂ ಫೈಬರ್‌ಗೆ ಬದಲಾಯಿಸಬೇಕಾ?

ಉತ್ತರ: ನೀವು ಹಿಡಿಯುವುದು ಡ್ಯಾಮ್ ಕೆಳಗಾ, ಹಿನ್ನೀರಿನಲ್ಲಾ? ಕೆಳಗೆ ಹಂಪಿ ಕಡೆಯ ಬಂಡೆಗಳ ನಡುವೆ ಆದರೆ ತೆಪ್ಪ ಬಿಡಬೇಡಿ. ಬಂಡೆಗೆ ತಾಗಿದರೆ ಬಿದಿರು ಬಾಗಿ ಮತ್ತೆ ಸರಿಯಾಗುತ್ತದೆ, ಫೈಬರ್ ಸೀಳುತ್ತದೆ. ತಳದ ಶೀಟ್ ತೂತಾದರೆ ಡಾಂಬರು ಹಚ್ಚಿ ಅಂದೇ ಇಳಿಯಬಹುದು. ಹೆಗಲ ಮೇಲೆ ಹೊತ್ತುಕೊಂಡು ಹೋಗುವ ಸುಖ ಬೇರೆ. ಹಿನ್ನೀರು ಮಾತ್ರ ಬೇರೆ ಲೆಕ್ಕ. ಬಯಲು ನೀರಿನಲ್ಲಿ ಗಾಳಿ ಬೀಸಿದರೆ ತೆಪ್ಪ ಗಿರಗಿರ ತಿರುಗುತ್ತದೆಯೇ ಹೊರತು ಎದುರು ಗಾಳಿಗೆ ಮುಂದೆ ಹೋಗುವುದಿಲ್ಲ. ಅಲ್ಲಿಗೆ ಮೇಲೆ ಹೇಳಿದ ದೋಣಿಯೇ ಆಗುತ್ತದೆ, ಬದಿ ಮಾತ್ರ ಅರ್ಧ ಅಡಿ ಎತ್ತರ ಮಾಡಿಸಿ.

ಮೊದಲ ಪ್ರಶ್ನೆಯವರು: ಸೆಕೆಂಡ್ ಹ್ಯಾಂಡ್ ಒಂದು ಸಿಗುತ್ತದೆ ಅಣ್ಣ, ನೀವು ಹೇಳಿದ ಥರದ್ದೇ ತಳ. ನೋಡುವುದು ಹೇಗೆ?

ಉತ್ತರ: ಮಗುಚಿ ಹಾಕಿಸಿ, ನಾಣ್ಯದಿಂದ ತಳವಿಡೀ ತಟ್ಟುತ್ತಾ ಹೋಗಿ. ಟಣ್ ಅನ್ನುವ ಕಡೆ ಸರಿ. ಸದ್ದು ಮಂದವಾದ ಕಡೆ ಪದರ ಬಿಟ್ಟಿರಬಹುದು. ಹಿಂಬದಿ ಹಲಗೆಯನ್ನು ಎಂಜಿನ್ ಕೂರಿಸುವ ಜಾಗದಲ್ಲಿ ಹಿಡಿದು ಜಗ್ಗಿ. ಸ್ವಲ್ಪ ಅಲುಗಾಡಿದರೂ ಒಳಗಿನ ಪ್ಲೈ ಕೊಳೆತಿದೆ ಅಂತ ಲೆಕ್ಕ. ಹೊಸ ಬಣ್ಣ ಬಳಿದಿದ್ದರೆ ಇದೆಲ್ಲ ಎರಡೆರಡು ಸಲ ಮಾಡಿ.