ಏಜೆಂಟಿಗೆ ಚಾರ್ಟ್ ಡೇಟಾ: ಹಸಿ ಅಂಕಿ ಕೊಡಬೇಕಾ, ಲೆಕ್ಕ ಹಾಕಿ ಕೊಡಬೇಕಾ?

ಕ್ಯಾಂಡಲ್ ಕಿಟ್ಟಿ:
ನನ್ನ ಎಐ ಏಜೆಂಟಿಗೆ ಒಂದು ಟೂಲ್ ಬರೆದಿದ್ದೇನೆ. ಷೇರಿನ ಹೆಸರು, ತಾರೀಕು ಕೊಟ್ಟರೆ ಓಪನ್ (ಶುರುವಿನ ಬೆಲೆ), ಹೈ, ಲೋ, ಕ್ಲೋಸ್ (ಕೊನೆಯ ಬೆಲೆ), ವಾಲ್ಯೂಮ್ (ಎಷ್ಟು ಷೇರು ಕೈ ಬದಲಾಯಿತು) ತಂದುಕೊಡುತ್ತದೆ. ಮೊನ್ನೆ ಎನ್‌ವಿಡಿಯಾದ 2024ರ ಜೂನ್ ಚಾರ್ಟ್ ನೋಡು ಅಂದೆ. "ಒಂದೇ ದಿನ ಶೇ 90 ಕುಸಿತ, ಗಾಬರಿಯ ಮಾರಾಟ" ಅಂತ ಉದ್ದದ ವಿಶ್ಲೇಷಣೆ ಬರೆಯಿತು. ಕುಸಿತವೂ ಇಲ್ಲ, ಮಣ್ಣೂ ಇಲ್ಲ. ಒಂದು ಷೇರು ಹತ್ತಾಗಿ ಸ್ಪ್ಲಿಟ್ ಆಗಿತ್ತು. 1,200 ಡಾಲರ್ ಇದ್ದದ್ದು 120ರ ಹತ್ತಿರ ಬಂತು, ಅಷ್ಟೇ. ಹಾಗಾಗಿ ಏಜೆಂಟಿಗೆ ಹಸಿ ಅಂಕಿ ಕೊಡಲೇಬಾರದು. ಟೂಲೇ ಎಲ್ಲ ಹೊಂದಿಸಿ, ಲೆಕ್ಕ ಹಾಕಿ ಕೊಡಬೇಕು.

ಬೈಟ್ ಭಟ್ಟ:
"ಕೊಡಲೇಬಾರದು" ಅಂದ್ರೆ? ತಪ್ಪು ಏಜೆಂಟಿನದಲ್ಲ ಸ್ವಾಮಿ, ನಿಮ್ಮ ಟೂಲಿನದು. ಈ ಬೆಲೆ ಸ್ಪ್ಲಿಟ್‌ಗೆ ಹೊಂದಿಸಿದ್ದೋ (ಅಂದ್ರೆ ಹಳೆಯ ಬೆಲೆಯನ್ನೂ ಹತ್ತರಿಂದ ಭಾಗಿಸಿದ್ದೋ) ಅಲ್ಲವೋ ಅಂತ ಒಂದು ಸಾಲು ಜೊತೆಗೆ ಕಳಿಸಿದ್ದರೆ ಮುಗಿಯುತ್ತಿತ್ತು. ಇನ್ನು ಹೊಂದಿಸಿದ್ದನ್ನು ಮಾತ್ರ ಕೊಟ್ಟರೆ ಇನ್ನೊಂದು ತಮಾಷೆ. 2024ರ ಜನವರಿ ಶುರುವಿನಲ್ಲಿ ಬೆಲೆ 48 ಡಾಲರ್ ಇತ್ತು ಅನ್ನುತ್ತದೆ. ಅವತ್ತು ಪರದೆ ಮೇಲೆ ಇದ್ದದ್ದು 480ರ ಆಸುಪಾಸು.

ಕ್ಯಾಂಡಲ್ ಕಿಟ್ಟಿ:
ಒಂದು ಸಾಲಿನಿಂದ ಮುಗಿಯುತ್ತದೆ ಅನ್ನುವವರು ಏಜೆಂಟ್ ಬಳಸಿಯೇ ಇಲ್ಲ ಅನ್ಸುತ್ತೆ. ಬೇಕಾದ್ದನ್ನು ಓದುತ್ತದೆ, ಬೇಡವಾದ್ದನ್ನು ಬಿಡುತ್ತದೆ.

ಡೇಟಾ ದೇವಕಿ:
ಕಿಟ್ಟಿಯವರ ಮಾತೇ ಸರಿ. ಅಮೆರಿಕದ ಷೇರುಪೇಟೆ ದಿನಕ್ಕೆ ಆರೂವರೆ ಗಂಟೆ ತೆರೆದಿರುತ್ತದೆ. ಚಾರ್ಟ್‌ನಲ್ಲಿ ಒಂದು ಅವಧಿಯ ಬೆಲೆಗಳನ್ನು ತೋರಿಸುವ ಕಡ್ಡಿಯೇ ಕ್ಯಾಂಡಲ್; ಒಂದು ನಿಮಿಷಕ್ಕೊಂದು ಅಂದರೆ ದಿನಕ್ಕೆ 390. ವರ್ಷಕ್ಕೆ ಸುಮಾರು 252 ದಿನ. ಹತ್ತಿರ ಹತ್ತಿರ 98,000 ಸಾಲು! ಅಷ್ಟನ್ನೂ ಮಾಡೆಲ್ ಬಾಯಿಗೆ ಸುರಿದು ಸರಾಸರಿ ಕೇಳಿದರೆ ಅದು ಕೂಡುವುದಿಲ್ಲ, ಊಹಿಸುತ್ತದೆ. ಲೆಕ್ಕ ಕೋಡ್ ಮಾಡಲಿ. ಖಾಲಿ ಸಾಲು, ಎರಡೆರಡು ಸಲ ಬಂದ ಸಾಲು, ಸೊನ್ನೆಗಿಂತ ಕೆಳಗಿನ ಬೆಲೆ, ಇಂಥ ಕಸವನ್ನೆಲ್ಲ ಟೂಲೇ ಎಸೆಯಲಿ.

ರೆಡ್ ಬಾರ್:
ಸೊನ್ನೆಗಿಂತ ಕೆಳಗಿನ ಬೆಲೆ ಕಸವಾ?! 2020ರ ಏಪ್ರಿಲ್ 20. ಅಮೆರಿಕದ ಡಬ್ಲ್ಯುಟಿಐ ಕಚ್ಚಾ ತೈಲ ಮೈನಸ್ 37.63 ಡಾಲರ್‌ಗೆ ಮುಗಿಯಿತು. ತೈಲದ ಚರಿತ್ರೆಯಲ್ಲೇ ದೊಡ್ಡ ದಿನ. ನಿಮ್ಮ ಟೂಲ್ ಅದನ್ನೇ ಗುಡಿಸಿ ಹಾಕುತ್ತದೆ.

ಸುಮ್ನೆ ಓದುವವ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಪೇಟೆ ತೆರೆದಿರುವಾಗ ದಿನದ ಚಾರ್ಟ್ ಕೇಳಿದರೆ ಕೊನೆಯ ಕ್ಯಾಂಡಲ್ ಇನ್ನೂ ಮುಗಿದಿರುವುದಿಲ್ಲ, ಅಲ್ವಾ? ನನ್ನ ಏಜೆಂಟ್ ಅದನ್ನೇ ಕ್ಲೋಸ್ ಅಂದುಕೊಂಡು ವರದಿ ಕೊಡುತ್ತದೆ. ಏನು ಮಾಡುವುದು?

ಡೇಟಾ ದೇವಕಿ:
@ರೆಡ್ ಬಾರ್ ಅದು ಒಂದೇ ಫ್ಯೂಚರ್ಸ್ ಒಪ್ಪಂದ (ಮುಂದೆ ಕೊಡುವ ತೈಲಕ್ಕೆ ಈಗಲೇ ಬೆಲೆ ಕಟ್ಟುವುದು). ಮೇ ತಿಂಗಳದ್ದು, ಮಾರನೇ ದಿನವೇ ವಾಯಿದೆ ಮುಗಿಯುವಂಥದ್ದು. ಜೂನ್ ಒಪ್ಪಂದ ಅವತ್ತೂ 20 ಡಾಲರ್ ಮೇಲೇ ಇತ್ತು. ಇನ್ನೊಂದು ಮುಖ್ಯ ಕಚ್ಚಾ ತೈಲ ಬ್ರೆಂಟ್ ಮೈನಸ್ ಆಗಲೇ ಇಲ್ಲ.

ರೆಡ್ ಬಾರ್:
"ಒಂದೇ ಒಪ್ಪಂದ" ಅಂತೆ! ತೈಲದ ಬೆಲೆ ಎಷ್ಟು ಅಂತ ಕೇಳಿದರೆ ಹೆಚ್ಚಿನವರು ತೋರಿಸುವುದು ಅದನ್ನೇ, ಹತ್ತಿರದ ತಿಂಗಳ ಒಪ್ಪಂದವನ್ನು. ಅವತ್ತು ಅದನ್ನು ಹಿಡಿದು ಕೂತವರಿಗೆ ಹೇಳಿ, ನಿಮ್ಮ ನಷ್ಟ ಕಸ ಅಂತ.

ಬೈಟ್ ಭಟ್ಟ:
ಹಾಗೆ ನೋಡಿದರೆ ಬೇರೆ ಬೇರೆ ತಿಂಗಳ ಒಪ್ಪಂದಗಳನ್ನು ಒಂದಕ್ಕೊಂದು ಹೊಲಿದು, ಅವುಗಳ ಬೆಲೆಯ ಅಂತರವನ್ನು ಹಳೆಯ ಬೆಲೆಗಳಿಂದ ಕಳೆದು ಮಾಡಿದ ಚಾರ್ಟ್‌ನಲ್ಲಿ ಹಳೆಯ ಬೆಲೆಗಳು ಸುಳ್ಳೇ ಮೈನಸ್ ಆಗುವುದೂ ಉಂಟು. ಯಾರೂ ಆ ಬೆಲೆಗೆ ವ್ಯಾಪಾರ ಮಾಡಿರುವುದಿಲ್ಲ.

ಡೇಟಾ ದೇವಕಿ:
ನೋಡಿದಿರಾ? "ಸುಳ್ಳೇ ಮೈನಸ್". ನಾನು ಹೇಳಿದ್ದೂ ಅದೇ.

ಬೈಟ್ ಭಟ್ಟ:
ನೀವು ಹೇಳಿದ್ದು ಅದಲ್ಲವೇ ಅಲ್ಲ. ಸುಳ್ಳು ಯಾವುದು, ನಿಜ ಯಾವುದು ಗೊತ್ತಾಗಬೇಕಾದರೆ ಎರಡೂ ಉಳಿದಿರಬೇಕು. ಎಸೆದ ಮೇಲೆ ಏಜೆಂಟ್ ಏನನ್ನು ನೋಡಬೇಕು?

ರೆಡ್ ಬಾರ್:
ಇವರು ಫ್ಯೂಚರ್ಸ್ ಚಾರ್ಟನ್ನು ಒಂದು ದಿನವಾದರೂ ನೋಡಿದ್ದಾರಾ ಅಂತ ನನ್ನ ಅನುಮಾನ.

ಡೇಟಾ ದೇವಕಿ:
ವೈಯಕ್ತಿಕ ಬೇಡ. ಮೈನಸ್ ಬೆಲೆಯ ಲಾಗರಿದಂ ತೆಗೆದು ತೋರಿಸಿ, ಆಮೇಲೆ ಮಾತಾಡೋಣ. ಲಾಗರಿದಂನಿಂದ ರಿಟರ್ನ್ (ಲಾಭ-ನಷ್ಟದ ಪ್ರಮಾಣ) ಲೆಕ್ಕ ಹಾಕುವ ಕೋಡ್ ಅಲ್ಲೇ ಮುರಿದು ಬೀಳುತ್ತದೆ.

ರೆಡ್ ಬಾರ್:
ಕೋಡ್ ಬೀಳುತ್ತದೆ ಅಂತ ಪೇಟೆಯನ್ನೇ ತಿದ್ದುವವರನ್ನು ಇವತ್ತೇ ಕಂಡೆ. ಕೈ ಮುಗಿದೆ ತಾಯಿ.

ಕ್ಯಾಂಡಲ್ ಕಿಟ್ಟಿ:
ನಾನು ಕೇಳಿದ್ದು ಷೇರಿನ ಬಗ್ಗೆ. ತೈಲ ಎಲ್ಲಿಂದ ಬಂತು ಮಾರಾಯ್ರೆ?

ರೆಡ್ ಬಾರ್:
"ಟೂಲೇ ಎಲ್ಲ ಹೊಂದಿಸಿ" ಅಂದಿದ್ದು ನೀವೇ. ಎಲ್ಲ ಅಂದರೆ ತೈಲವೂ ಬಂತು.

ಸುಮ್ನೆ ಓದುವವ:
ಕೊನೆಯ ಕ್ಯಾಂಡಲ್ ಬಗ್ಗೆ ಯಾರಾದರೂ...? ಇನ್ನೊಂದು ವಿಷಯ, ಕ್ರಿಪ್ಟೋದಲ್ಲಿ ಪೇಟೆ ಮುಚ್ಚುವುದೇ ಇಲ್ಲ. ಎಷ್ಟೋ ಕಡೆ ದಿನದ ಕ್ಯಾಂಡಲ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಮಧ್ಯರಾತ್ರಿಗೆ ಮುಗಿದು ಹೊಸದು ಶುರುವಾಗುತ್ತದೆ. ಏಜೆಂಟ್ "ಇವತ್ತು" ಅಂದರೆ ಯಾವ ಇವತ್ತು?

ಡೇಟಾ ದೇವಕಿ:
ಸರಿ, ಮೈನಸ್ ಸಾಲನ್ನು ಎಸೆಯದೆ ಪಕ್ಕದಲ್ಲಿ ಗುರುತು ಹಾಕಿ ಇಡಬಹುದು. ಫ್ಯೂಚರ್ಸ್‌ಗೆ ಮಾತ್ರ. ಷೇರಿಗೆ ನಾನು ಹೇಳಿದ್ದೇ ಸರಿ.

ಬೈಟ್ ಭಟ್ಟ:
ಪಕ್ಕದಲ್ಲಿ ಗುರುತು. ನಾನು ಮೊದಲೇ ಹೇಳಿದ "ಒಂದು ಸಾಲು" ಅದೇ ಅಲ್ವಾ?

ಡೇಟಾ ದೇವಕಿ:
ಅಲ್ಲ.

ಕ್ಯಾಂಡಲ್ ಕಿಟ್ಟಿ:
ನಾನು ಸ್ಪ್ಲಿಟ್ ಮಾಹಿತಿಯ ಸಾಲು ಸೇರಿಸಿ ನೋಡಿದೆ. ಈ ಸಲ ಸರಿಯಾಗಿ ಓದಿತು. ಒಂದು ಸಲ ಓದಿದರೆ ಏನೂ ಸಾಬೀತಾಗಲ್ಲ, ಹಸಿ ಅಂಕಿ ಬೇಡ ಅನ್ನುವುದೇ ಈಗಲೂ ನನ್ನ ಮಾತು.

ಸುಮ್ನೆ ಓದುವವ:
ನನ್ನದು ನಾನೇ ಸರಿ ಮಾಡಿಕೊಂಡೆ. ಪ್ರತಿ ಕ್ಯಾಂಡಲ್ ಜೊತೆ "ಮುಗಿದಿದೆ", "ಇನ್ನೂ ಇಲ್ಲ" ಅಂತ ಕಳಿಸುತ್ತೇನೆ. ಜೊತೆಗೆ ಯುಟಿಸಿ ಸಮಯ. ಈಗ "ಇಲ್ಲಿಯವರೆಗೆ" ಅನ್ನುತ್ತದೆ, ಕ್ಲೋಸ್ ಅನ್ನುವುದಿಲ್ಲ.

ರೆಡ್ ಬಾರ್:
ಮೈನಸ್ ಬೆಲೆ ಬಂದರೆ ಏನನ್ನುತ್ತದೆ?